ಪ್ರಳಯದ ಮೀನಿಗೆ ಹೊರಟ ನಮ್ಮತ್ತೆ

ನಮ್ಮ ಸೋದರತ್ತೆಗೆ ಮಂಗಗಳ ಮೇಲೆ ಯಾವ ದ್ವೇಷವೂ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅವಳ ದ್ವೇಷವೆಲ್ಲ ಮಂಗನನ್ನು ತಾತ ಎಂದು ಕರೆಯುವವರ ಮೇಲೆ! ಚನ್ನಪಟ್ಟಣದ ಅವಳ ಮನೆಯ ಹೆಂಚಿನ ಮೇಲೆ ಮಂಗ ಬಂದು ಕೂತರೆ ಬಾಳೆಹಣ್ಣು ಕೊಟ್ಟು, "ತಿನ್ನಪ್ಪ ತಂದೆ. ನೀನು ನೀನೇ, ನಾನು ನಾನೇ. ನಮ್ಮಿಬ್ರಿಗೂ ಯಾವ ನೆಂಟಸ್ತನಾನೂ ಇಲ್ಲ" ಎಂದು ಸ್ಪಷ್ಟಪಡಿಸಿಯೇ ಒಳಗೆ ಬರುತ್ತಾಳೆ. ಮಂಗವೂ ಒಪ್ಪಿಕೊಂಡಂತೆ ಕಾಣುತ್ತದೆ, ಇದುವರೆಗೆ ತಕರಾರು ತೆಗೆದಿಲ್ಲ.

ತಮಾಷೆಯೆಂದರೆ ಇದೇ ಅತ್ತೆ ಮೂವತ್ತು ವರ್ಷ ಹಳ್ಳಿ ಶಾಲೆಗಳಲ್ಲಿ ವಿಜ್ಞಾನ ಕಲಿಸಿದವಳು! ಜೀವವಿಕಾಸದ ಪಾಠವನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ. ಕರಿಹಲಗೆಯ ಮೇಲೆ ಮಂಗನಿಂದ ಮನುಷ್ಯನವರೆಗೆ ಐದು ಚಿತ್ರ ಅಂದವಾಗಿ ಬರೆದು, ನಡುವೆ ಬಾಣದ ಗುರುತು ಹಾಕಿ, ಒಂದೊಂದನ್ನೂ ವಿವರಿಸಿ, ಕೊನೆಗೆ ಮಕ್ಕಳ ಕಡೆ ತಿರುಗಿ, "ಇದು ಪರೀಕ್ಷೆಗೆ. ಯಾರೂ ಇದನ್ನ ಮನೆಗೆ ತಕೊಂಡೋಗಿ ನಂಬ್ಬೇಡಿ" ಎನ್ನುತ್ತಿದ್ದಳಂತೆ. ಒಮ್ಮೆ ಇನ್‌ಸ್ಪೆಕ್ಟರು ತರಗತಿಗೆ ಬಂದು ಮುಂದಿನ ಸಾಲಿನ ಹುಡುಗಿಯನ್ನು ಎಬ್ಬಿಸಿ, "ಮನುಷ್ಯ ಎಲ್ಲಿಂದ ಬಂದನಮ್ಮ?" ಎಂದು ಕೇಳಿದರು. ಹುಡುಗಿ ವಿನಯದಿಂದ ಕೈಕಟ್ಟಿ, "ಸಾರ್, ಪರೀಕ್ಷೆಗೆ ಬಂದಿದ್ದು ಹೇಳ್ಲಾ, ನಿಜವಾಗ್ಲೂ ಬಂದಿದ್ದು ಹೇಳ್ಲಾ?" ಎಂದಳು! ಇನ್‌ಸ್ಪೆಕ್ಟರು ಪಾಪದ ಮನುಷ್ಯ. ಎರಡನ್ನೂ ಕೇಳಿಸಿಕೊಂಡು, ಎರಡಕ್ಕೂ ತಲೆಯಾಡಿಸಿ, ಟೀ ಕುಡಿದು ಹೋದರಂತೆ.

ಅತ್ತೆಯ ಜೊತೆ ವಾದಕ್ಕಿಳಿಯುವುದು ಕಷ್ಟ. ಏಕೆಂದರೆ ಅವಳ ಸಾಕ್ಷಿಗಳೆಲ್ಲ ನಮ್ಮ ಊರುಕೇರಿಯಲ್ಲೇ ಸಿಗುತ್ತವೆ. "ನಿಮ್ಮ ಸೈನ್ಸಿಗೆ ಮಂಗ ಮನುಷ್ಯ ಆಗಾಕೆ ಲಕ್ಷಾಂತರ ವರ್ಷ ಬೇಕಂತೆ. ಅಕ್ಕೂರಲ್ಲಿ ನಮ್ ಪುಟ್ಟಸ್ವಾಮಿ ಮನೇಗೆ ಬಾ, ತೋರಿಸ್ತೀನಿ. ರೇಷ್ಮೆ ಹುಳ ನಾಕು ಸಲ ಜ್ವರ ಬಂದು, ಪೊರೆ ಕಳಚಿ, ಗೂಡು ಕಟ್ಟಿ, ಚಿಟ್ಟೆಯಾಗಿ ಆಚೆ ಬರಾಕೆ ಒಂದೂವರೆ ತಿಂಗ್ಳು ಸಾಕು! ಅಷ್ಟು ಜೋರಾಗಿ ಕೆಲ್ಸ ಬರೋ ದೇವ್ರು ಲಕ್ಷ ವರ್ಷ ಯಾಕ್ಲಾ ಕಾಯ್ತಾನೆ?"

ಅಲ್ಲೇ ಕೂತಿದ್ದ ಪುಟ್ಟಸ್ವಾಮಣ್ಣ ತಲೆ ಕೆರೆದುಕೊಂಡು, "ಮೇಡಂ, ನಮ್ಮನೇಲಿ ಚಿಟ್ಟೆ ಆಗಾಕೆ ಬುಡಲ್ಲ. ಅದುಕ್ ಮುಂಚೇನೇ ಗೂಡು ಮಾರ್ಕೆಟ್ಟಿಗೆ ಹೊಂಟೋಯ್ತವೆ" ಎಂದ. ಪುಟ್ಟಸ್ವಾಮಣ್ಣ ಅತ್ತೆಯ ಮೊದಲ ವರ್ಷದ ವಿದ್ಯಾರ್ಥಿ. ಈಗ ಅವನಿಗೇ ಮೊಮ್ಮಕ್ಕಳಿದ್ದಾರೆ. ಅತ್ತೆ, "ಕೇಳ್ದಾಗ ಹೇಳು, ಕೂತ್ಕೋ" ಎಂದಳು. ಕೂತೇ ಇದ್ದ ಪುಟ್ಟಸ್ವಾಮಣ್ಣ ಒಮ್ಮೆ ಎದ್ದು ಮತ್ತೆ ಕೂತ!

ಇದನ್ನೆಲ್ಲ ಹೇಳಿ ನಗಿಸುವ ನಾನು ಒಂದು ವಿಷಯವನ್ನು ನಗದೆ ಹೇಳಬೇಕು. ಅತ್ತೆಗೆ ಜೀವವಿಕಾಸದ ಮೇಲೆ ಸಿಟ್ಟು ಬಂದದ್ದು ಪುರಾಣ ಓದಿ ಅಲ್ಲ. ಅವಳಿಗೆ ಒಬ್ಬಳೇ ಮಗಳು, ಮಂಜುಳ. ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಮಗುವಿಗೆ ಎರಡು ವರ್ಷವಾಗಿದ್ದಾಗ ಅತ್ತೆ ದೂರದ ದೊಡ್ಡಾಸ್ಪತ್ರೆಯೊಂದಕ್ಕೆ ಎತ್ತಿಕೊಂಡು ಹೋಗಿದ್ದಳು. ಅಲ್ಲಿನ ಡಾಕ್ಟರು ಐದು ನಿಮಿಷ ನೋಡಿ, "ಏನೂ ಮಾಡೋಕಾಗಲ್ಲಮ್ಮ. ಲಕ್ಷಾಂತರ ವರ್ಷದಿಂದ ಜೀವಗಳು ಬದಲಾಗ್ತಾ ಬಂದಿವೆಯಲ್ಲ, ಅದರಲ್ಲಿ ಹೀಗೆ ಕೆಲವು ಕೈತಪ್ಪಿ ಆಗಿಬಿಡ್ತವೆ" ಎಂದರಂತೆ. ಅವರು ಸಮಾಧಾನಕ್ಕೇ ಹೇಳಿದ್ದಿರಬಹುದು. ಆದರೆ 'ಕೈತಪ್ಪಿ' ಎಂಬ ಆ ಒಂದು ಮಾತು ಅತ್ತೆಯ ಎದೆಯಲ್ಲಿ ಮುಳ್ಳಾಗಿ ಕೂತಿತು. ನನ್ನ ಮಗಳು ಕೈತಪ್ಪಿ ಆದವಳೇ? ಅಂದಿನಿಂದ ಜೀವವಿಕಾಸ ಅವಳ ಸ್ವಂತ ಶತ್ರು.

ಮಗಳಿಗೆ ಓದು ಬರಹವನ್ನೆಲ್ಲ ಅವಳೇ ಕಲಿಸಿದಳು. ಮಂಜುಳ ಈಗ ಬಾಬುಜಾನ್ ಸಾಹೇಬರ ಗೊಂಬೆ ಕಾರ್ಖಾನೆಯಲ್ಲಿ ಮರದ ಗೊಂಬೆಗಳಿಗೆ ಕಣ್ಣು, ಮೂಗು, ಬಾಯಿ ಬರೆಯುತ್ತಾಳೆ. ಗಂಡ ಅದೇ ಕಾರ್ಖಾನೆಯಲ್ಲಿ ಮರ ಕಡೆಯುವವನು. ಅವನಿಗೆ ಮಾತು ಬರುತ್ತದೆ, ಆದರೆ ಆಡುವುದಿಲ್ಲ. ಇಬ್ಬರ ಸಂಸಾರ ನಮ್ಮ ವಂಶದಲ್ಲೇ ಅತ್ಯಂತ ಜಗಳವಿಲ್ಲದ ಸಂಸಾರ! ಈ ಮಂಜುಳ ಈ ವರ್ಷ ಬಸುರಿಯಾದಳು. ನೋಡಲು ಬಂದ ನೆಂಟರ ಹೆಂಗಸೊಬ್ಬಳು ಹೋಳಿಗೆ ತಿನ್ನುತ್ತಾ, "ಹುಟ್ಟೋ ಮಗೀಗೂ ಹಿಂಗೇ ಆಗ್ಬುಟ್ರೆ ಏನವ್ವ ಗತಿ?" ಎಂದುಬಿಟ್ಟಳು. ಅತ್ತೆ ಅವಳ ಎಲೆಗೆ ಎರಡನೇ ಹೋಳಿಗೆ ಹಾಕಲಿಲ್ಲ. ಮಾರನೆಯ ಬೆಳಿಗ್ಗೆ ರಾಮನಗರದ ನನ್ನ ಜೆರಾಕ್ಸ್ ಅಂಗಡಿಗೆ ಬಂದು ಕೂತಳು.

"ಪಳೆಯುಳಿಕೆ ಹುಡುಕಾಕೆ ಹೋಗ್ಬೇಕು ಕಣ್ಲಾ. ಒಂದು ಟೆಂಪೋ ಜನ. ಕರಪತ್ರ ಹೊಡ್ಕೊಡು."

ಅವಳ ತರ್ಕ ಹೀಗಿತ್ತು. ಮತ್ಸ್ಯಾವತಾರದಲ್ಲಿ ಭಗವಂತ ಮೀನಾಗಿ ಬಂದು, ಮನುವಿನ ದೋಣಿಗೆ ಪ್ರತಿಯೊಂದು ಜೀವದ ಬೀಜವನ್ನೂ ಹತ್ತಿಸಿ, ಪ್ರಳಯ ದಾಟಿಸಿದ. ಅಂದರೆ ಪ್ರತಿಯೊಂದನ್ನೂ ನೋಡಿ, ಆರಿಸಿ, ಬೇಕೆಂದೇ ಹತ್ತಿಸಿದ. "ಆರಿಸಿ ಹತ್ತಿಸ್ಕೊಂಡ ಮೇಲೆ ಕೈತಪ್ಪೋದು ಎಲ್ಲಿಂದ ಬತ್ತದೆ? ಪ್ರಳಯ ಆಗಿದ್ದು ನಿಜ ಅಂತ ಒಂದು ಕಲ್ಲು ಸಿಕ್ಲಿ, ಒಂದೇ ಒಂದು ಮೀನು ಸಿಕ್ಲಿ. ಮಗು ಹುಟ್ಟೋದ್ರೊಳ್ಗೆ ಸಿಕ್ಬೇಕು. ಆಮೇಲೆ ಯಾವ ಡಾಕ್ಟ್ರು ಏನಂತಾನೋ ನಾನೂ ನೋಡ್ತೀನಿ."

ನಾನು ಮೆಲ್ಲಗೆ ಹೇಳಿದೆ: "ಅತ್ತೆ, ನಮ್ಮ ಕಡೆ ಇರೋದೆಲ್ಲ ಗ್ರಾನೈಟು. ಅದು ಭೂಮಿ ಒಳಗೆ ಕರಗಿ, ಕೊತಕೊತ ಕುದ್ದು, ಆಮೇಲೆ ಆರಿ ಗಟ್ಟಿಯಾದ ಕಲ್ಲು. ಅದರಲ್ಲಿ ಮೀನು ಹೇಗೆ ಉಳಿಯತ್ತೆ?"

"ಸಾರಲ್ಲಿ ಕುದ್ದ ಮೀನಿನ ಮುಳ್ಳು ಉಳಿಯಲ್ವೇನ್ಲಾ?"

ನೀವೇ ಹೇಳಿ, ಇದಕ್ಕೆ ಯಾವ ಭೂವಿಜ್ಞಾನಿ ಉತ್ತರ ಕೊಟ್ಟಾನು? ನಾನು ಸುಮ್ಮನೆ ಕಂಪ್ಯೂಟರ್ ಮುಂದೆ ಕೂತು ಅವಳು ಹೇಳಿದ್ದನ್ನು ಟೈಪು ಮಾಡಿದೆ. "ಪ್ರಳಯದ ಕುರುಹು ಹುಡುಕುವ ಒಂದು ದಿನದ ಪ್ರವಾಸ. ಸೃಷ್ಟಿಯನ್ನು ನಂಬುವವರಿಗೆ ಊಟದ ವ್ಯವಸ್ಥೆ ಇದೆ. ನಂಬದವರು ಬುತ್ತಿ ಕಟ್ಟಿಕೊಂಡು ಬರುವುದು." ಕರಪತ್ರ ಹಂಚಿದ ಮೂರೇ ದಿನಕ್ಕೆ ಹದಿನಾಲ್ಕು ಜನ ಹೆಸರು ಕೊಟ್ಟರು. ಹದಿನಾಲ್ಕು ಜನರೂ ನಂಬುವವರೇ! ಬುತ್ತಿ ಕಟ್ಟುವ ಸೋಮಾರಿತನ ಎಷ್ಟು ಜನರನ್ನು ಆಸ್ತಿಕರನ್ನಾಗಿ ಮಾಡುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

ಪೂರ್ವಭಾವಿ ಸಭೆ ಅತ್ತೆಯ ಜಗುಲಿಯಲ್ಲಿ ಸೇರಿತು. ಬಾಬುಜಾನ್ ಸಾಹೇಬರು ಮೊದಲಿಗೇ ಎದ್ದು ನಿಂತು, "ಮೇಡಂ, ನಮ್ ಕಿತಾಬ್‌ನಾಗೂ ತೂಫಾನ್ ಐತೆ, ಇದೇ ಪ್ರಳಯ. ನೂಹ್ ಪೈಗಂಬರ್ರು ಕಿಶ್ತಿ ಮಾಡಿದ್ರು. ಬಿಲ್ಕುಲ್ ನಿಜ. ನಾನೂ ಬತ್ತೀನಿ" ಎಂದರು. ಅತ್ತೆಗೆ ಖುಷಿಯೋ ಖುಷಿ. ಆದರೆ ತಕ್ಷಣ ಒಂದು ತೊಡಕು ಎದ್ದಿತು. ಮನುವಿನ ದೋಣಿ, ನೂಹರ ದೋಣಿ ಎರಡೂ ಒಂದೇ ನೀರಿನ ಮೇಲಿದ್ದರೆ ಒಂದಕ್ಕೊಂದು ಡಿಕ್ಕಿ ಹೊಡೆಯಲಿಲ್ಲವೇ? ಅರ್ಧ ಗಂಟೆ ಚರ್ಚೆಯಾಯಿತು. ಕೊನೆಗೆ, ನೀರು ಒಂದೇ, ದೋಣಿಯ ವಿಚಾರ ಮೀನು ಸಿಕ್ಕ ಮೇಲೆ ನೋಡಿಕೊಳ್ಳುವುದು ಎಂದು ತೀರ್ಮಾನವಾಯಿತು. ಸಾಹೇಬರು ಮಾತ್ರ ಕಸುಬಿನ ಮನುಷ್ಯರಾಗಿ ಒಂದು ಮಾತು ಸೇರಿಸಿದರು: "ಯಾರ ಕಿಶ್ತಿನಾದ್ರೂ ಆಗ್ಲಿ, ಹಾಲೆ ಮರದ್ದಂತೂ ಅಲ್ಲ. ಹಾಲೆ ಮರ ಗೊಂಬೆಗೆ ಸರಿ, ನೀರಿಗೆ ನಿಲ್ಲಕ್ಕಿಲ್ಲ."

ಪುಟ್ಟಸ್ವಾಮಣ್ಣ ಕೈ ಎತ್ತಿದ. ಅತ್ತೆ "ಹೇಳು" ಎಂದಳು.

"ಮೇಡಂ, ದೋಣೀಲಿ ರೇಷ್ಮೆ ಹುಳಾನೂ ಇತ್ತಾ?"

"ಇರ್ದೆ ಇನ್ನೇನ್ಲಾ? ಎಲ್ಲಾ ಜೀವಾನೂ ಇತ್ತು."

"ಹಂಗಾರೆ ಸೊಪ್ಪು ಯಾರು ತಂದಾಕುದ್ರು? ನಮ್ಮನೇಲಿ ಒಂದೊತ್ತು ಸೊಪ್ಪು ತಡ ಆದ್ರೆ ನಮ್ಮವ್ವ ಕುಣ್ದಾಡ್ಬುಡ್ತಾಳೆ. ನೀರೋ ಊರೆಲ್ಲಾ ಮುಳುಗ್ಸೈತೆ. ಹಿಪ್ಪುನೇರಳೆ ತೋಟಾನೂ ಮುಳುಗಿರ್ತದೆ!"

ಸೃಷ್ಟಿವಾದಕ್ಕೆ ಇಷ್ಟು ದೊಡ್ಡ ಪೆಟ್ಟನ್ನು ಯಾವ ವಿಜ್ಞಾನಿಯೂ ಕೊಟ್ಟಿರಲಾರ. ಅತ್ತೆ ಎರಡು ನಿಮಿಷ ಕಣ್ಣು ಮುಚ್ಚಿ ಯೋಚಿಸಿ, "ಮೊಟ್ಟೆ ತಕೊಂಡೋಗಿದ್ರು" ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು!

ಇನ್ನು ದಾರಿಯ ನಕ್ಷೆ. ಚನ್ನಪಟ್ಟಣ ಬಿಟ್ಟು ರಾಮನಗರ, ಅಲ್ಲಿಂದ ಮಾಗಡಿ, ಸೋಲೂರು, ವಾಪಸ್ ಬರುತ್ತಾ ಕನಕಪುರ ಎಂದು ಬರೆದಿದ್ದಳು. "ಅತ್ತೆ, ಕನಕಪುರ ವಾಪಸ್ ಬರೋ ದಾರೀಲೇ ಇಲ್ಲ" ಎಂದೆ. "ಪ್ರಳಯದ ನೀರು ಬಸ್ ರೂಟು ನೋಡ್ಕಂಡು ಹರೀತೇನ್ಲಾ?" ಎಂದಳು. ಕನಕಪುರ ಪಟ್ಟಿಯಲ್ಲೇ ಉಳಿಯಿತು.

ಭಾನುವಾರ ಬೆಳಿಗ್ಗೆ ಆರಕ್ಕೆ ಟೆಂಪೋ ಹೊರಟಿತು. ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಸುತ್ತಿಗೆ, ತೆಂಗಿನಕಾಯಿ ಒಂದು ಚೀಲ, ಎರಡು ಡಬರಿ ಚಿತ್ರಾನ್ನ, ಮುಂದಿನ ಸೀಟಿನಲ್ಲಿ ಐದು ತಿಂಗಳ ಬಸುರಿ ಮಂಜುಳ. ಅವಳಿಗೆ ಇದು ಬರೀ ಪಿಕ್ನಿಕ್ಕು ಎಂದಷ್ಟೇ ಗೊತ್ತು. ಡಾಕ್ಟರು ಆಡಿದ ಮಾತನ್ನು ನಮ್ಮಲ್ಲಿ ಯಾರೂ ಅವಳಿಗೆ ಹೇಳಿರಲಿಲ್ಲ.

ರಾಮನಗರ ದಾಟಿ ಮೊದಲ ಬಂಡೆಯ ಬುಡದಲ್ಲಿ ಇಳಿದು ಹತ್ತು ನಿಮಿಷವಾಗಿರಲಿಲ್ಲ, ಪುಟ್ಟಸ್ವಾಮಣ್ಣ "ಮೇಡಂ! ಮೂಳೆ! ಮೂಳೆ!" ಎಂದು ಕೂಗಿದ. ಎಲ್ಲರೂ ಬಿದ್ದು ಎದ್ದು ಓಡಿದೆವು. ನಿಜಕ್ಕೂ ಮೂಳೆಯೇ! ಬಾಬುಜಾನ್ ಸಾಹೇಬರು ಅದನ್ನು ಎತ್ತಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದು, ಬಹಳ ಗೌರವದಿಂದ ಕೆಳಗಿಟ್ಟರು. "ಮೇಡಂ, ಇದು ಪ್ರಳಯದ್ದಲ್ಲ. ಹೋದ ಭಾನುವಾರದ್ದು. ಬಿರಿಯಾನಿ."

ಮುಂದಿನ ಬಂಡೆಯಲ್ಲಿ ಸಾಲಾಗಿ ಹನ್ನೆರಡು ಕುಳಿಗಳಿದ್ದವು. ಕಲ್ಲು ಸೀಳಲು ಒಡ್ಡರು ಉಳಿ ಹೊಡೆದ ಗುರುತು ಅದು, ನಮ್ಮ ಕಡೆ ಹಸುಗೂಸಿಗೂ ಗೊತ್ತು. ಅತ್ತೆ ಮಾತ್ರ "ಮೀನು ಕಚ್ಚಿರೋ ಹಲ್ಲಿನ ಗುರುತು!" ಎಂದಳು. ಹದಿನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಚಿತ್ರಾನ್ನ ಇನ್ನೂ ಬಡಿಸಿರಲಿಲ್ಲ. ಪುಟ್ಟಸ್ವಾಮಣ್ಣ ಧೈರ್ಯ ಮಾಡಿ, "ಹಲ್ಲು ಒಳ್ಳೆ ಸ್ಕೇಲ್ ಇಟ್ಟು ಹಾಕ್ದಂಗೈತಲ್ಲ ಮೇಡಂ" ಎಂದ. "ದೇವ್ರ ಹಲ್ಲು ಕಣೋ, ನಿನ್ ಹಲ್ಲಂಗೆ ಸೊಟ್ಟಗಿರ್ತದಾ?" ಎಂದು ಬಾಯಿ ಮುಚ್ಚಿಸಿದಳು.

ಮಾಗಡಿ ದಾಟಿ ಸೋಲೂರಿನ ಕಡೆ ಹೋಗುವಾಗ, ಊಟಕ್ಕೆಂದು ಒಂದು ತೋಪಿನ ಪಕ್ಕ ನಿಲ್ಲಿಸಿದೆವು. ಅಲ್ಲೇ ಬಂಡೆಯ ಬುಡದಲ್ಲಿ, ಲಂಟಾನದ ಪೊದೆಯ ಕೆಳಗೆ, ಅರ್ಧ ಮಣ್ಣಲ್ಲಿ ಹೂತ ಬೂದುಬಣ್ಣದ ಚಪ್ಪಡಿಯೊಂದು ಅತ್ತೆಯ ಕಣ್ಣಿಗೆ ಬಿತ್ತು. ಸೆರಗಿನಿಂದ ಮಣ್ಣು ಒರೆಸಿದಳು. ಒಳಗಿನಿಂದ ಹೊರಗೆ ಸುತ್ತಿ ಸುತ್ತಿ ಹೋಗುವ ಗೆರೆ! ಗಾಡಿ ಚಕ್ರದಷ್ಟು ಅಗಲ! ಪುಸ್ತಕಗಳಲ್ಲಿ ಸಮುದ್ರದ ಹಳೆಯ ಶಂಖಗಳ ಚಿತ್ರ ಇರುತ್ತದಲ್ಲ, ಥೇಟ್ ಹಾಗೆಯೇ.

"ಶಂಖ! ಪ್ರಳಯದ ಶಂಖ!" ಎಂದು ಅತ್ತೆ ಕಿರುಚಿದಳು. ಸತ್ಯ ಹೇಳುತ್ತೇನೆ, ಗ್ರಾನೈಟು ಗ್ರಾನೈಟು ಎಂದು ತಿಂಗಳಿಂದ ಬಡಬಡಿಸುತ್ತಿದ್ದ ನನಗೂ ಮೈ ಜುಮ್ಮೆಂದಿತು. ಬಾಬುಜಾನ್ ಸಾಹೇಬರು ಚಪ್ಪಲಿ ಬಿಟ್ಟು ದೂರ ನಿಂತರು. ಪುಟ್ಟಸ್ವಾಮಣ್ಣ ಮೂರು ಸುತ್ತು ಪ್ರದಕ್ಷಿಣೆ ಹಾಕಿದ. ಐದು ನಿಮಿಷದಲ್ಲಿ ಅರಿಶಿನ, ಕುಂಕುಮ, ಊದಿನಕಡ್ಡಿ, ಒಡೆದ ತೆಂಗಿನಕಾಯಿ! ಈ ಗದ್ದಲದಲ್ಲಿ ಮಂಜುಳ ಬಂದು ಅಮ್ಮನ ಸೆರಗು ಜಗ್ಗಿ, ಬೆರಳಿನಿಂದ ಗಾಳಿಯಲ್ಲಿ ಸುತ್ತು ಸುತ್ತಾಗಿ ಗೆರೆ ಎಳೆದು, ಆಮೇಲೆ ಏನನ್ನೋ ಒಂದೊಂದಾಗಿ ಬಿಡಿಸುವಂತೆ ಮಾಡಿ ತೋರಿಸಿದಳು. ಅತ್ತೆ ಅವಳ ಕೆನ್ನೆ ಹಿಂಡಿ, "ಹೂಂ ಕಣವ್ವ, ಶಂಖ, ಶಂಖ! ನಿಂದೇ ಅದು!" ಎಂದು ಮತ್ತೆ ಕಲ್ಲಿನ ಕಡೆ ತಿರುಗಿದಳು.

ಅಷ್ಟರಲ್ಲಿ ಕುರಿ ಹೊಡೆದುಕೊಂಡು ಬಂದ ಮುದುಕನೊಬ್ಬ ನಿಂತು ನೋಡಿದ. ಕುಂಕುಮ ನೋಡಿದ, ಕಾಯಿ ನೋಡಿದ.

"ಯಾಕ್ರವ್ವ, ನಮ್ ಹುಳದ ಮನೆ ನೆಲಕ್ಕೆ ಪೂಜೆ ಮಾಡ್ತಿದ್ದೀರಿ?"

"ಯಾವ ನೆಲ?" ಎಂದಳು ಅತ್ತೆ.

"ಇದೇ ಕಣವ್ವ. ನಾನೇ ಕಿತ್ ಬಿಸಾಕಿದ್ದು. ಹೊಸ್ದಾಗಿ ಸಿಮೆಂಟ್ ಹಾಕ್ಸಿದ್ದೆ. ಒಣಗೋಕ್ ಮುಂಚೇನೇ ನಮ್ಮವ್ಳು ತೊಳ್ದಿದ್ ಚಂದ್ರಂಕಿ ತಂದು ಅದರ ಮ್ಯಾಲೆ ಬೋರ್ಲಾಗಿ ಮಲಗಿಸ್ಬುಟ್ಳು. ಅಚ್ಚು ಬಿದ್ಬುಡ್ತು. ಕೈತಪ್ಪಿ ಆಗಿದ್ದು ಕಣವ್ವ, ಅದುಕ್ಯಾಕೆ ಕಾಯಿ?"

ಚಂದ್ರಂಕಿ ಎಂದರೆ ಚಂದ್ರಿಕೆ. ಹಣ್ಣಾದ ರೇಷ್ಮೆ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಅದರ ಮೇಲೆ ಬಿದಿರಿನ ಪಟ್ಟಿಯನ್ನು ಸುತ್ತಿ ಸುತ್ತಿ ನಿಲ್ಲಿಸಿರುತ್ತಾರೆ. ನಮ್ಮ ಜಿಲ್ಲೆಯ ಪ್ರತಿ ಮನೆಯ ಗೋಡೆಗೂ ಒಂದು ಒರಗಿರುತ್ತದೆ! ಮಂಜುಳ ಗಾಳಿಯಲ್ಲಿ ಸುತ್ತು ಎಳೆದು, ಗೂಡು ಬಿಡಿಸುವಂತೆ ತೋರಿಸಿದ್ದೂ ಇದನ್ನೇ. ಎಲ್ಲರೂ ಪುಟ್ಟಸ್ವಾಮಣ್ಣನ ಕಡೆ ತಿರುಗಿದೆವು. ಅವನು ಪ್ರದಕ್ಷಿಣೆ ಹಾಕಿದ ಕಾಲನ್ನೇ ನೋಡಿಕೊಳ್ಳುತ್ತಾ, "ನಲವತ್ತು ವರ್ಷದಿಂದ ಅದುಕ್ಕೆ ಹುಳ ಹಾಕ್ತಾ ಇವ್ನಿ. ಕಾಯಿ ಒಡುದ್ಮೇಲೆ ಗುರ್ತು ಸಿಕ್ನಿಲ್ಲ ಕಣಪ್ಪ" ಎಂದ. ಅಷ್ಟೇ ಸಾಕಾಯಿತು. ನಕ್ಕೆವು ನೋಡಿ, ಹೊಟ್ಟೆ ಹಿಡಿದುಕೊಂಡು, ಬಂಡೆಗೆ ಒರಗಿಕೊಂಡು, ಸಾಹೇಬರು ಟೋಪಿ ತೆಗೆದು ಕಣ್ಣೊರೆಸಿಕೊಂಡು, ಕುರಿಗಳು ಗಾಬರಿಯಾಗಿ ಓಡುವಷ್ಟು ನಕ್ಕೆವು!

ಅತ್ತೆ ನಗಲಿಲ್ಲ. ಆ ಚಪ್ಪಡಿಯ ಪಕ್ಕದಲ್ಲೇ ಕೂತುಬಿಟ್ಟಿದ್ದಳು. "ಇದೂ ಕೈತಪ್ಪಿ ಆಗಿದ್ದಂತೆ ಕಣ್ಲಾ" ಎಂದಳು ನನಗೆ. "ಆ ಡಾಕ್ಟ್ರು ಹೇಳಿದ್ದೇ ನಿಜ ಏನೋ." ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು. ಒಬ್ಬೊಬ್ಬರಾಗಿ ಎಲ್ಲರ ನಗುವೂ ನಿಂತಿತು.

ಮಂಜುಳ ಓಡಿ ಬಂದು ಅಮ್ಮನನ್ನು ನೋಡಿ, ನನ್ನನ್ನು ನೋಡಿ, ಏನಾಯಿತು ಎಂದು ಕೈಯಲ್ಲಿ ಕೇಳಿದಳು. ನನಗೆ ಅವಳ ಕೈಮಾತು ಸರಿಯಾಗಿ ಬರುವುದಿಲ್ಲ. ಜೇಬಿನಲ್ಲಿ ಉಳಿದಿದ್ದ ಕರಪತ್ರ ತೆಗೆದು, ಅದರ ಬೆನ್ನ ಮೇಲೆ ಎಲ್ಲವನ್ನೂ ಬರೆದೆ. ಡಾಕ್ಟರು ಅಂದದ್ದು, ನೆಂಟರ ಹೆಂಗಸು ಅಂದದ್ದು, ಮೀನು ಯಾಕೆ ಬೇಕಿತ್ತು ಎಂಬುದು. ಬರೆಯುವಾಗ ನನಗೇ ನಾಚಿಕೆಯಾಯಿತು. ನಮ್ಮ ಮನೆಯಲ್ಲಿ 'ಪಾಪ' ಎಂದು ಸೇರಿಸದೆ ಮಂಜುಳಳ ಹೆಸರು ಹೇಳಿದವರೇ ಇಲ್ಲ. ನಾನೂ ಹೇಳಿದವನಲ್ಲ.

ಅವಳು ನಿಧಾನವಾಗಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, ಗೊಂಬೆಗೆ ಕಣ್ಣು ಬರೆಯುವ ಅದೇ ಸಣ್ಣ ಅಂದದ ಗೆರೆಯಲ್ಲಿ ಕೆಳಗೆ ಬರೆದಳು.

"ಅಮ್ಮ, ಆ ಡಾಕ್ಟರು ನನ್ನನ್ನು ನೋಡಿದ್ದು ಐದು ನಿಮಿಷ. ನೀನು ಮೂವತ್ತು ವರ್ಷದಿಂದ ನೋಡ್ತಾ ಇದ್ದೀಯ. ನಾನು ಕೈತಪ್ಪಿ ಆದವಳು ಅಂತ ನಿನಗೆ ಯಾವತ್ತಾದರೂ ಅನ್ನಿಸಿತ್ತಾ? ಇಲ್ಲ ಅಂದರೆ ಕಲ್ಲನ್ನು ಯಾಕೆ ಕೇಳ್ತೀಯ? ಮಗು ನನ್ನ ಹಾಗೇ ಹುಟ್ಟಿದರೂ ನನಗೆ ಭಯ ಇಲ್ಲ. ಅದಕ್ಕೂ ನೀನೇ ಓದು ಬರಹ ಕಲಿಸು."

ಅತ್ತೆ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಮಗಳಿಗೆ ತುಟಿ ಕಾಣುವಂತೆ ಮುಖ ಎತ್ತಿ, "ಅನ್ನಿಸಿತ್ತು ಕಣವ್ವ. ಒಂದೊಂದು ದಿನ ಅನ್ನಿಸಿತ್ತು. ತಪ್ಪಾಯ್ತು" ಎಂದಳು. ಬಣ್ಣದ ಕಲೆ ಹತ್ತಿದ ಮಂಜುಳಳ ಎರಡೂ ಕೈಗಳನ್ನು ಹಿಡಿದು, ದೇವರ ಪ್ರಸಾದದಂತೆ ಕಣ್ಣಿಗೊತ್ತಿಕೊಂಡಳು. ಮಂಜುಳ ಕೈ ಬಿಡಿಸಿಕೊಳ್ಳಲಿಲ್ಲ.